ಕೋಳಿಗಳ ಬಿಳಿ ಭೇದಿ ಮತ್ತು ಟೈಫಾಯಿಡ್ ಜಾಡ್ಯ



ಹಳ್ಳಿಯ ಮನೆಯಲ್ಲಿ ನಾಲ್ಕು ಕೋಳಿ ಇದ್ದರೆ ಅದು ಹೆಣ್ಣುಮಕ್ಕಳ ಕೈಗಂಟು ಇದ್ದ ಹಾಗೆ. ಸಂತೆಯ ಖರ್ಚಿಗೆ ಆಯಿತು, ಮಗುವಿನ ಪುಸ್ತಕಕ್ಕೆ ಆಯಿತು, ಬಾಣಂತಿಗೆ ಮೊಟ್ಟೆ ಆಯಿತು. ಇಂಥ ಗಂಟು ಎಂಟು ದಿನದಲ್ಲಿ ಕರಗಿ ಹೋಗುವುದುಂಟು. ಐವತ್ತು ಮರಿ ತಂದಿರುತ್ತೀರಿ. ಮೂರನೆಯ ದಿನ ಐದು ಸಾಯುತ್ತವೆ, ಮಾರನೆಯ ದಿನ ಹತ್ತು. "ಚಳಿ ಹೊಡೆಯಿತು" ಅಂತ ಒಬ್ಬರು, "ದೃಷ್ಟಿ ತಾಗಿತು" ಅಂತ ಇನ್ನೊಬ್ಬರು. "ಕೊಕ್ಕರೆ ರೋಗಕ್ಕೆ ಔಷಧಿ ಹಾಕಿಸಿದ್ದೆವಲ್ಲಾ, ಮತ್ತೆ ಯಾಕೆ ಸತ್ತವು?" ಅಂತ ಮತ್ತೊಬ್ಬರು ಕೇಳುತ್ತಾರೆ. ಕೊಕ್ಕರೆ ರೋಗವೇ ಬೇರೆ, ಈ ರೋಗವೇ ಬೇರೆ. ಅದರ ಔಷಧಿ ಇದನ್ನು ತಡೆಯುವುದಿಲ್ಲ. ಇಂದು ಈ ಎರಡನೆಯ ರೋಗದ ವಿಚಾರ ಹೇಳುತ್ತೇನೆ.

ಇದರಲ್ಲಿ ಎರಡು ಬಗೆ. ಒಂದು ಮರಿಗಳ ಬಿಳಿ ಭೇದಿ. ಹುಟ್ಟಿದ ಎರಡು ಮೂರು ವಾರದೊಳಗೆ ಇದು ಕಾಣಿಸಿಕೊಳ್ಳುತ್ತದೆ. ಮರಿಗಳು ರೆಕ್ಕೆ ಜೋತುಬಿಟ್ಟು ಒಂದರ ಮೇಲೊಂದು ಗುಂಪುಗೂಡಿ ನಿಲ್ಲುತ್ತವೆ, ಬಿಳಿಯ ಹಿಕ್ಕೆ ಹಾಕುತ್ತವೆ. ಆ ಹಿಕ್ಕೆ ಹಿಂಭಾಗದ ಪುಕ್ಕಕ್ಕೆ ಅಂಟಿ ಗಟ್ಟಿಯಾಗಿರುತ್ತದೆ. ಎರಡನೆಯದು ಬೆಳೆದ ಕೋಳಿಗಳ ಟೈಫಾಯಿಡ್. ಕೋಳಿ ಮೇವು ಬಿಡುತ್ತದೆ, ಜುಟ್ಟು ಬಿಳಿಚಿಕೊಳ್ಳುತ್ತದೆ, ಹಿಕ್ಕೆ ಹಳದಿ-ಹಸಿರಾಗುತ್ತದೆ. ಕೆಲವು ಏನೂ ತೋರಿಸದೆ ರಾತ್ರೋರಾತ್ರಿ ಸಾಯುತ್ತವೆ. ಸತ್ತ ಕೋಳಿಯನ್ನು ಪಶುವೈದ್ಯರು ಕೊಯ್ದು ನೋಡಿದರೆ ಈಲಿ ಊದಿಕೊಂಡು ಕಂಚಿನ ಬಣ್ಣಕ್ಕೆ ತಿರುಗಿರುತ್ತದೆ.

ಎರಡಕ್ಕೂ ಕಾರಣ ಸಾಲ್ಮೊನೆಲ್ಲಾ ಎಂಬ ರೋಗಾಣು. ಸಾಲ್ಮನ್ ಎಂಬ ಅಮೆರಿಕದ ಪಶುವೈದ್ಯರ ಹೆಸರನ್ನು ಇದಕ್ಕೆ ಇಟ್ಟಿದ್ದಾರೆ. ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದ ಥಿಯೊಬಾಲ್ಡ್ ಸ್ಮಿತ್ ಎಂಬುವರು 1885ರಲ್ಲಿ ಹಂದಿಗಳಲ್ಲಿ ಇದನ್ನು ಕಂಡುಹಿಡಿದರು. ಕೋಳಿಗಳ ಟೈಫಾಯಿಡನ್ನು ಇಂಗ್ಲೆಂಡಿನ ಕ್ಲೈನ್ ಎಂಬುವರು 1889ರಲ್ಲಿಯೂ, ಮರಿಗಳ ಬಿಳಿ ಭೇದಿಯನ್ನು ಅಮೆರಿಕದ ರೆಟ್ಗರ್ ಎಂಬುವರು 1900ರಲ್ಲಿಯೂ ವಿವರಿಸಿದರು.

ಈ ರೋಗಾಣು ಕೊಲ್ಲುವ ರೀತಿಯನ್ನು ತಿಳಿದರೆ ಅದನ್ನು ತಡೆಯುವ ದಾರಿಯೂ ತಿಳಿಯುತ್ತದೆ. ಮೇವು, ನೀರಿನ ಜೊತೆಗೆ ಅದು ಕರುಳಿಗೆ ಇಳಿಯುತ್ತದೆ. ಅದರ ಮೈಮೇಲೆ ಸೂಜಿಯಂಥ ಸಣ್ಣ ಕೊಳವೆಗಳಿವೆ. ಕರುಳಿನ ಗೋಡೆಯ ಜೀವಕೋಶಕ್ಕೆ ಈ ಸೂಜಿ ಚುಚ್ಚಿ ತನ್ನ ಸರಕನ್ನು ಒಳಗೆ ತುಂಬುತ್ತದೆ. ಮೋಸಹೋದ ಜೀವಕೋಶ ತಾನೇ ಬಾಗಿಲು ತೆರೆದು ರೋಗಾಣುವನ್ನು ಒಳಗೆ ಕರೆದುಕೊಳ್ಳುತ್ತದೆ.

ದೇಹಕ್ಕೂ ಕಾವಲುಗಾರರಿದ್ದಾರೆ. ರೋಗಾಣುಗಳನ್ನು ನುಂಗಿ ಹಾಕುವ ಬಿಳಿ ಕಣಗಳು ಅವು. ನುಂಗಿದ ರೋಗಾಣುವನ್ನು ಒಂದು ಚೀಲದಲ್ಲಿ ಕೂಡಿಹಾಕಿ, ಇನ್ನೊಂದು ಚೀಲದಲ್ಲಿರುವ ಹುಳಿರಸವನ್ನು ಅದಕ್ಕೆ ಸುರಿದು ಕರಗಿಸುವುದು ಇವುಗಳ ಕ್ರಮ. ಸಾಲ್ಮೊನೆಲ್ಲಾ ಈ ಹುಳಿರಸಕ್ಕೆ ಸಿಗುವುದಿಲ್ಲ. ಯಾಕೆ ಅಂತ ನಮ್ಮ ಬೆಂಗಳೂರಿನಲ್ಲೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಪ್ರೊಫೆಸರ್ ದೀಪ್‌ಶಿಖಾ ಚಕ್ರವರ್ತಿ ಮತ್ತು ಅವರ ಸಂಗಡಿಗರು ಸಂಶೋಧನೆ ಮಾಡಿದ್ದಾರೆ. ಪ್ರಯೋಗಾಲಯದ ಜೀವಕೋಶಗಳಲ್ಲಿ ಅವರು ಕಂಡು 2010ರಲ್ಲಿ ಪ್ರಕಟಿಸಿದ ಸಂಗತಿ ಇದು: ಒಂದು ರೋಗಾಣು ಒಡೆದು ಎರಡಾದಾಗ ಅದು ಕುಳಿತ ಚೀಲವೂ ಒಡೆದು ಎರಡಾಗುತ್ತದೆ. ಹೀಗೆ ಒಂದೊಂದು ರೋಗಾಣುವಿಗೂ ಒಂದೊಂದು ಚೀಲ. ಅತ್ತ ಹುಳಿರಸದ ಚೀಲಗಳ ಸಂಖ್ಯೆಯೂ ಇಳಿಯುತ್ತದೆ. ಹತ್ತು ಬಿಲಗಳಲ್ಲಿ ಹತ್ತು ಹೆಗ್ಗಣ, ಬಾಯಿಗೆ ಕಾಯಲು ಇಬ್ಬರೇ ಆಳು ಅಂದರೆ ಏನಾದೀತು? ಅದೇ ಗತಿ. ಕೊನೆಗೆ ಕಾವಲುಗಾರನೇ ಕಳ್ಳನಿಗೆ ಗಾಡಿಯಾಗುತ್ತಾನೆ. ಅವನ ಹೊಟ್ಟೆಯಲ್ಲಿ ಕುಳಿತು ರೋಗಾಣು ಈಲಿ, ಗುಲ್ಮಗಳಿಗೆ ಹೋಗಿ ಸೇರುತ್ತದೆ.

ಹೇಂಟೆಯ ಮೈಯಲ್ಲಿ ಅದು ಇನ್ನೂ ಒಂದು ಜಾಗಕ್ಕೆ ಹೋಗುತ್ತದೆ. ಅದು ಮೊಟ್ಟೆ ಕಟ್ಟುವ ಅಂಡಾಶಯ. ರೋಗದಿಂದ ಬದುಕಿ ಉಳಿದ ಹೇಂಟೆ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಮೇಯುತ್ತದೆ, ಮೊಟ್ಟೆಯನ್ನೂ ಇಡುತ್ತದೆ. ಆದರೆ ಕೆಲವು ಮೊಟ್ಟೆಗಳ ಒಳಗೇ ರೋಗಾಣು ಇರುತ್ತದೆ. ಆ ಮೊಟ್ಟೆಯನ್ನು ಕಾವಿಗೆ ಇಟ್ಟರೆ ಮರಿ ಹುಟ್ಟುವಾಗಲೇ ರೋಗ ಹೊತ್ತು ಬರುತ್ತದೆ, ಜೊತೆಯ ಮರಿಗಳಿಗೂ ಹರಡುತ್ತದೆ. ಆದ್ದರಿಂದ ಗೂಡನ್ನು ಎಷ್ಟು ಗುಡಿಸಿದರೂ ತಾಯಿಕೋಳಿ ಶುದ್ಧವಾಗಿರದಿದ್ದರೆ ಉಪಯೋಗವಿಲ್ಲ. ಬಿತ್ತನೆ ಬೀಜದಲ್ಲೇ ಕಾಡಿಗೆ ರೋಗ ಇದ್ದರೆ ಹೊಲ ಎಷ್ಟು ಹಸನು ಮಾಡಿದರೇನು?

"ಔಷಧಿ ಕೊಟ್ಟರೆ ವಾಸಿಯಾಗುವುದಿಲ್ಲವೇ?" ಎಂದು ಕೇಳುತ್ತೀರಿ. ಔಷಧಿ ಕೊಟ್ಟರೆ ಸಾವು ಕಡಿಮೆಯಾಗಬಹುದು. ಆದರೆ ಜೀವಕೋಶದೊಳಗೆ ಅಡಗಿದ ರೋಗಾಣು ಪೂರಾ ಹೋಗುವುದಿಲ್ಲ. ಉಳಿದ ಕೋಳಿ ಗುಟ್ಟಾಗಿ ರೋಗ ಹೊತ್ತು ತಿರುಗುತ್ತದೆ. ಅಂಗಡಿಯಿಂದ ಪುಡಿ ತಂದು ಮನಸ್ಸಿಗೆ ಬಂದಷ್ಟು ನೀರಿಗೆ ಬೆರೆಸಿದರೆ ರೋಗಾಣು ಔಷಧಿಗೆ ಜಗ್ಗದ ಹಾಗೆ ಬಲಿಯುತ್ತದೆ. ಆಮೇಲೆ ನಿಮ್ಮ ಕೋಳಿಗೂ ಕೆಲಸಕ್ಕೆ ಬಾರದು, ನಿಮ್ಮ ಮಕ್ಕಳಿಗೂ ಕೆಲಸಕ್ಕೆ ಬಾರದು.

ಇನ್ನು ಲಸಿಕೆಯ ಮಾತು. ಕೊಂದ ರೋಗಾಣುವಿನಿಂದಲೂ ರಕ್ಷಣೆ ಬರುತ್ತದೆಂದು ಸಾಲ್ಮನ್ ಮತ್ತು ಸ್ಮಿತ್ 1886ರಲ್ಲಿ ಪಾರಿವಾಳಗಳ ಮೇಲೆ ತೋರಿಸಿದ್ದರು. ಆದರೆ ಜೀವಕೋಶದ ಒಳಗೆ ಅವಿತುಕೊಳ್ಳುವ ಶತ್ರುವನ್ನು ಗುರುತಿಸಲು ದೇಹಕ್ಕೆ ಒಳ್ಳೆಯ ತಾಲೀಮು ಬೇಕು. ಬಲಗುಂದಿಸಿದ ಜೀವಂತ ರೋಗಾಣು ಆ ತಾಲೀಮನ್ನು ಚೆನ್ನಾಗಿ ಕೊಡುತ್ತದೆ. 1956ರಲ್ಲಿ ಇಂಗ್ಲೆಂಡಿನ ವಿಲಿಯಮ್ಸ್ ಸ್ಮಿತ್ ಎಂಬುವರು ಕೋಳಿ ಟೈಫಾಯಿಡಿನ ರೋಗಾಣುವಿನಿಂದಲೇ 9ಆರ್ ಎಂಬ ಬಲಗುಂದಿದ ತಳಿಯ ಲಸಿಕೆಯನ್ನು ತಂದರು. ಹಲ್ಲು ಕಿತ್ತ ಹಾವಿನಂತೆ ಇದು. ಮೈಯೊಳಗೆ ಹೋಗಿ ಕಾವಲುಗಾರರಿಗೆ ಶತ್ರುವಿನ ಗುರುತು ಕಲಿಸುತ್ತದೆ.

ಈ ಲಸಿಕೆಗೂ ಮಿತಿಗಳಿವೆ. ಎಳೆಯ ಮರಿಗಳಿಗೆ ಇದನ್ನು ಹಾಕಬಾರದು. ವಯಸ್ಸನ್ನೂ ಪ್ರಮಾಣವನ್ನೂ ಪಶುವೈದ್ಯರೇ ಗೊತ್ತುಮಾಡಬೇಕು. ಜೀವಂತ ಲಸಿಕೆಯಾದುದರಿಂದ ಅದನ್ನು ತಂಪಿನಲ್ಲೇ ಇಡಬೇಕು. ಹಾಕುವ ಹಿಂದುಮುಂದಿನ ದಿನಗಳಲ್ಲಿ ರೋಗಾಣು ಕೊಲ್ಲುವ ಔಷಧಿ ಕೊಡಬಾರದು, ಕೊಟ್ಟರೆ ಲಸಿಕೆಯೇ ಸತ್ತುಹೋಗುತ್ತದೆ. ಲಸಿಕೆ ಹಾಕಿದ ಕೋಳಿಯ ರಕ್ತ ಪರೀಕ್ಷೆ ಮಾಡಿದರೆ ರೋಗ ಇದ್ದ ಹಾಗೆಯೇ ಕಾಣಬಹುದು. ಆದ್ದರಿಂದ ಪರೀಕ್ಷೆ ಮೊದಲು, ಲಸಿಕೆ ಆಮೇಲೆ.

ಆ ರಕ್ತ ಪರೀಕ್ಷೆ ಸುಲಭವಾದದ್ದು. ಬಿಳಿಯ ಬಿಲ್ಲೆಯ ಮೇಲೆ ಒಂದು ಹನಿ ಬಣ್ಣದ ದ್ರವ, ಒಂದು ಹನಿ ಕೋಳಿಯ ರಕ್ತ. ಬೆರೆಸಿ ಆಡಿಸಿದರೆ ಎರಡು ನಿಮಿಷದೊಳಗೆ ಒಡೆದ ಹಾಲಿನಂತೆ ಗರಣೆ ಕಟ್ಟಿದರೆ ಆ ಕೋಳಿ ರೋಗ ಹೊತ್ತಿದೆಯೆಂದು ತಿಳಿಯಬೇಕು. ಅಂಥವನ್ನು ಮರಿ ಮಾಡಿಸುವ ಹಿಂಡಿನಿಂದ ತೆಗೆದುಹಾಕುತ್ತಾರೆ. ಅಮೆರಿಕದಲ್ಲಿ 1935ರಿಂದ ಹೀಗೆ ತಾಯಿಕೋಳಿಗಳನ್ನು ಪರೀಕ್ಷಿಸುತ್ತ ಬಂದು, ದೊಡ್ಡ ಸಾಕಣೆಗಳಿಂದ ಬಿಳಿ ಭೇದಿಯನ್ನು ಓಡಿಸಿದರು.

ಈ ಕುಲದ ಇನ್ನೊಬ್ಬ ದಾಯಾದಿಯಿಂದ ಮನುಷ್ಯರಿಗೇ ಅಪಾಯ. ಆ ಬಗೆಯ ಸಾಲ್ಮೊನೆಲ್ಲಾ ಬೆಳೆದ ಕೋಳಿಯನ್ನು ಅಷ್ಟಾಗಿ ಕಾಡುವುದಿಲ್ಲ, ಆದರೆ ಮೊಟ್ಟೆಯೊಳಗೆ ಸೇರಿ ತಿಂದವರಿಗೆ ವಾಂತಿ, ಭೇದಿ, ಜ್ವರ ತರುತ್ತದೆ. ಇಂಗ್ಲೆಂಡಿನಲ್ಲಿ 1980ರ ದಶಕದಲ್ಲಿ ಇದು ಹಬ್ಬಿತು. 1988ರ ಡಿಸೆಂಬರಿನಲ್ಲಿ ಕಿರಿಯ ಆರೋಗ್ಯ ಸಚಿವೆಯೊಬ್ಬರು ಇದನ್ನು ಬಹಿರಂಗವಾಗಿ ಹೇಳಿದ್ದೇ ಮೊಟ್ಟೆಯ ವ್ಯಾಪಾರ ಕುಸಿಯಿತು. ಲಕ್ಷಾಂತರ ಕೋಳಿಗಳನ್ನು ಕೊಲ್ಲಬೇಕಾಯಿತು, ಆ ಸಚಿವೆ ರಾಜೀನಾಮೆಯನ್ನೂ ಕೊಟ್ಟರು. ಆಮೇಲೆ ಅಲ್ಲಿನ ರೈತರು ತಾಯಿಕೋಳಿಗಳಿಗೂ, 1998ರಿಂದ ಮೊಟ್ಟೆಕೋಳಿಗಳಿಗೂ ಲಸಿಕೆ ಹಾಕಿಸಿ, ಅಂಥ ಮೊಟ್ಟೆಗೆ ಸಿಂಹದ ಮುದ್ರೆ ಒತ್ತಿ ಮಾರಿದರು. ರೋಗ ಬಹಳ ಇಳಿಯಿತು. 2017ರಲ್ಲಿ ಅಲ್ಲಿನ ಸರ್ಕಾರದ ಆಹಾರ ಸಂಸ್ಥೆ, ಸಿಂಹಮುದ್ರೆಯ ಮೊಟ್ಟೆಯನ್ನು ಗರ್ಭಿಣಿಯರೂ ಮಕ್ಕಳೂ ಅರೆಬೆಂದದ್ದೇ ತಿನ್ನಬಹುದು ಎಂದು ಹೇಳಿತು. ಲಸಿಕೆ ಹಾಕಿದ್ದು ಕೋಳಿಗೆ, ಉಳಿದದ್ದು ಮನುಷ್ಯ! ಆದರೆ ಆ ಮಾತು ಆ ಮುದ್ರೆಯ ಮೊಟ್ಟೆಗೆ ಮಾತ್ರ. ನಮ್ಮ ಮನೆಯ ಮೊಟ್ಟೆಯನ್ನು ಬಿಳಿ, ಹಳದಿ ಎರಡೂ ಗಟ್ಟಿಯಾಗುವ ತನಕ ಬೇಯಿಸಿಯೇ ತಿನ್ನಬೇಕು.

ಒಂದು ಸಂದೇಹ ಬರಬಹುದು. ಮನುಷ್ಯರ ಟೈಫಾಯಿಡ್ ಕೋಳಿಯಿಂದ ಬರುತ್ತದೆಯೇ? ಇಲ್ಲ. ಅದೂ ಸಾಲ್ಮೊನೆಲ್ಲಾ ಕುಲದ್ದೇ, ಆದರೆ ಮನುಷ್ಯನಿಂದ ಮನುಷ್ಯನಿಗೆ, ಮಲ ಬೆರೆತ ನೀರು ಮತ್ತು ಆಹಾರದಿಂದ ಬರುತ್ತದೆ. ಅದಕ್ಕೆ ಬೇರೆಯೇ ಲಸಿಕೆ ಇದೆ. ಹೈದರಾಬಾದಿನಲ್ಲಿ ತಯಾರಾಗುವ ಅಂಥ ಒಂದು ಲಸಿಕೆಯನ್ನು ಆರು ತಿಂಗಳ ಕೂಸಿಗೂ ಹಾಕಬಹುದು. ವೈದ್ಯರನ್ನು ವಿಚಾರಿಸಿ.

ಕೊನೆಗೆ ನೀವು ಮಾಡಬೇಕಾದದ್ದು ಇಷ್ಟು:

ಒಂದು, ಮರಿ ಕೊಳ್ಳುವಾಗ ತಾಯಿಕೋಳಿಗಳ ರಕ್ತ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಎರಡು ರೂಪಾಯಿ ಅಗ್ಗ ಅಂತ ಬೀದಿಯಲ್ಲಿ ಬುಟ್ಟಿ ಹೊತ್ತು ಬಂದವರ ಹತ್ತಿರ ಕೊಳ್ಳಬೇಡಿ.

ಎರಡು, ಹೊಸ ಕೋಳಿಯನ್ನು ಕೂಡಲೇ ಹಳೆಯ ಹಿಂಡಿಗೆ ಬಿಡಬೇಡಿ. ಮೂರು ವಾರ ಬೇರೆಯಾಗಿಡಿ.

ಮೂರು, ರೋಗ ಬಂದು ಉಳಿದ ಹೇಂಟೆಯ ಮೊಟ್ಟೆಯನ್ನು ಕಾವಿಗೆ ಇಡಬೇಡಿ.

ನಾಲ್ಕು, ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯಬೇಡಿ, ನಾಯಿಗೆ ಹಾಕಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಹೂಳುವ ಮೊದಲು ಒಂದನ್ನು ಪಶುವೈದ್ಯರಿಗೆ ತೋರಿಸಿ.

ಐದು, ನೀರಿನ ತಟ್ಟೆಯನ್ನು ದಿನವೂ ತೊಳೆಯಿರಿ. ಅದರೊಳಗೆ ಹಿಕ್ಕೆ ಬೀಳದ ಹಾಗೆ ಎತ್ತರದಲ್ಲಿಡಿ. ಇಲಿಗಳನ್ನು ದೂರವಿಡಿ, ಅವೂ ಈ ರೋಗಾಣುವನ್ನು ಹೊರುತ್ತವೆ.

ಆರು, ಕೋಳಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳಿಂದಲೂ ತೊಳೆಸಿ. ಮರಿಗಳನ್ನು ಅಡಿಗೆ ಮನೆಯೊಳಗೆ ಬಿಡಬೇಡಿ.

ಲಸಿಕೆ ಒಂದು ಬೇಲಿ. ಬೇಲಿ ಇದೆಯೆಂದು ಬಾಗಿಲನ್ನೇ ತೆರೆದಿಟ್ಟರೆ ದನ ನುಗ್ಗದೆ ಇರುತ್ತದೆಯೇ? ಶುದ್ಧವಾದ ಮರಿ, ಶುಚಿಯಾದ ಗೂಡು, ಸಕಾಲದಲ್ಲಿ ಲಸಿಕೆ, ಈ ಮೂರೂ ಕೂಡಿದರೆ ನಿಮ್ಮ ಕೈಗಂಟು ನಿಮ್ಮ ಕೈಯಲ್ಲೇ ಉಳಿಯುತ್ತದೆ. ಮುಂದಿನ ಸಲ ಮರಿ ತರುವ ಮೊದಲು ಹತ್ತಿರದ ಪಶುವೈದ್ಯ ಶಾಲೆಗೆ ಒಂದು ಸಲ ಹೋಗಿ ಬನ್ನಿ.