ಕೀವಿಗೆ ಮುಂಚಿನ ಕರೆ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನಕಾಯಿ ಸುಲಿಯುವವರ ಕೈಗೆ ಮಟ್ಟೆಯ ಸಿಬರು ಹೊಗುವುದು ಹೊಸದಲ್ಲ. ಒಂದೆರಡು ದಿನದಲ್ಲಿ ಬೆರಳು ಕೆಂಪಗಾಗಿ ಊದುತ್ತದೆ, ಮುಟ್ಟಿದರೆ ಬಿಸಿ, ರಾತ್ರಿಯೆಲ್ಲ ಸಿಡಿತ. ಆಮೇಲೆ ಕೀವು. ಕೆಂಪು, ಊತ, ಬಿಸಿ, ನೋವು: ಉರಿಯೂತದ ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಒಂದನೇ ಶತಮಾನದಲ್ಲೇ ಬರೆದಿಟ್ಟಿದ್ದ.

ಕಾರಣ ತಿಳಿಯಲು ಬಹಳ ಕಾಲ ಹಿಡಿಯಿತು. 1867ರಲ್ಲಿ ಜರ್ಮನಿಯ ಯೂಲಿಯಸ್ ಕೋನ್‌ಹೈಮ್ ಕಪ್ಪೆಯ ರಕ್ತನಾಳದ ಗೋಡೆಯಿಂದ ಬಿಳಿ ರಕ್ತಕಣಗಳು ನುಸುಳಿ ಹೊರಬರುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡರು. 1880ರಲ್ಲಿ ಸ್ಕಾಟ್‌ಲೆಂಡಿನ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ ಕೀವಿನಲ್ಲಿ ಗೊಂಚಲು ಗೊಂಚಲಾದ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು, ಅವೇ ಸ್ಟೆಫಿಲೊಕಾಕಸ್. 1882ರಲ್ಲಿ ಇಟಲಿಯ ಮೆಸ್ಸೀನಾದಲ್ಲಿ ಇಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿ ಮುಳ್ಳು ಚುಚ್ಚಿದರು. ಬೆಳಗಾಗುವಷ್ಟರಲ್ಲಿ ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ಅವುಗಳನ್ನು ಕರೆದವರು ಯಾರು?

ಚರ್ಮವನ್ನು ತೋಟದ ಬೇಲಿಯಂತೆ ಬರೀ ಅಡ್ಡಗೋಡೆ ಎಂದೇ ಬಹುಕಾಲ ಎಣಿಸಲಾಗಿತ್ತು. 1981ರಲ್ಲಿ ಥಾಮಸ್ ಲೂಗರ್ ಮತ್ತು ಸಂಗಡಿಗರು, ಚರ್ಮದ ಕೋಶಗಳೇ ರೋಗನಿರೋಧಕ ಕೋಶಗಳನ್ನು ಎಚ್ಚರಿಸುವ ವಸ್ತುವನ್ನು ಸ್ರವಿಸುತ್ತವೆ ಎಂದು ತೋರಿಸಿದರು. ಅದು ಇಂಟರ್‌ಲ್ಯೂಕಿನ್-1 ಎಂದು ಮುಂದೆ ಖಚಿತವಾಯಿತು. 1987ರ ಹೊತ್ತಿಗೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಸೆಳೆಯುವ ಇಂಟರ್‌ಲ್ಯೂಕಿನ್-8 ಸಿಕ್ಕಿತು. ಗಾಯದಲ್ಲಿ ತುಂಬುವ ಕೀವಿನಲ್ಲಿ ಹೆಚ್ಚಿನ ಪಾಲು, ಈ ಕರೆಗೆ ಓಡಿಬಂದು ಸತ್ತ ನ್ಯೂಟ್ರೋಫಿಲ್‌ಗಳೇ.

ಕರುಳಿನ ಒಳಪೊರೆಯದೂ ಇದೇ ಕೆಲಸ. ಬ್ಯಾಕ್ಟೀರಿಯಾ ನುಗ್ಗಿದಾಗ ದೊಡ್ಡ ಕರುಳಿನ ಕೋಶಗಳು ಇಂಟರ್‌ಲ್ಯೂಕಿನ್-8ರಂಥ ಹಲವು ಸಂಕೇತಗಳನ್ನು ಹೊರಡಿಸುತ್ತವೆ ಎಂದು ಕ್ಯಾಲಿಫೋರ್ನಿಯಾದ ಮಾರ್ಟಿನ್ ಕ್ಯಾಗ್ನಾಫ್ ಅವರ ತಂಡ 1995ರಲ್ಲಿ ಪ್ರಕಟಿಸಿತು. ಹಾಗಾದರೆ ಕೋಟ್ಯಂತರ ಬ್ಯಾಕ್ಟೀರಿಯಾಗಳಿರುವ ಕರುಳು ಸದಾ ಉರಿಯುವುದಿಲ್ಲವೇಕೆ? ಒಂದು ಉತ್ತರ 2001ರಲ್ಲಿ ಬಂತು. ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳ ಬಾಲದ ಪ್ರೋಟೀನನ್ನು ಗುರುತಿಸುವ ಟಿಎಲ್‌ಆರ್-5 ಎಂಬ ಗ್ರಾಹಕ, ಕರುಳಿನ ಕೋಶಗಳಲ್ಲಿ ಅನ್ನ ಹರಿಯುವ ಬದಿಗಲ್ಲ, ದೇಹದೊಳಗಿನ ಬದಿಗೆ ಇರುವುದನ್ನು ಆಂಡ್ರೂ ಗೆವಿರ್ಟ್ಸ್ ಮತ್ತು ಸಂಗಡಿಗರು ಕಂಡರು. ಆಚೆ ಇದ್ದರೆ ಸುಮ್ಮನೆ; ಗೋಡೆ ದಾಟಿದರೆ ಕೂಗು.

ಕರೆ ಮಿತಿಮೀರಿದರೆ ಬಂದ ಕಣಗಳೇ ನಮ್ಮ ಅಂಗಾಂಶವನ್ನೂ ಸುಡುತ್ತವೆ. ಕರೆಗೆ ಕಾರಣವಾಗುವ ಬ್ಯಾಕ್ಟೀರಿಯಾ ಒಳಗೆ ಉಳಿಯದಂತೆ ಗಾಯವನ್ನು ಸೋಪು, ಶುದ್ಧ ನೀರಿನಲ್ಲಿ ತೊಳೆಯುವುದು, ಸುಣ್ಣ, ಕಾಫಿಪುಡಿ ಮೆತ್ತದಿರುವುದು ಅದಕ್ಕೇ ಮುಖ್ಯ. ಕೆಂಪು ಗೆರೆ ಮೇಲೇರುತ್ತಿದ್ದರೆ, ಚಳಿಜ್ವರ ಬಂದರೆ, ಅದೇ ದಿನ ವೈದ್ಯರನ್ನು ಕಾಣಬೇಕು.