ಕಂಪೈಲರ್ ತಿರಸ್ಕರಿಸಿದ್ದೆಲ್ಲ ತಪ್ಪಲ್ಲ



ಮನೆಯ ಕಂಪ್ಯೂಟರಿನಲ್ಲಿ ಸರಿಯಾಗಿ ನಡೆದ ಸಿ ಪ್ರೋಗ್ರಾಮನ್ನು ವಿದ್ಯಾರ್ಥಿ ಶಾಲೆಗೆ ತರುತ್ತಾನೆ. ಪ್ರಯೋಗಾಲಯದ ಹಳೆಯ ಕಂಪೈಲರ್ 'ಬೂಲ್' ಎಂಬ ಪದವನ್ನರಿಯದೆ ದೋಷ ತೋರಿಸುತ್ತದೆ. ಕೆಂಪು ಗೆರೆ ಎಳೆಯುವ ಮುನ್ನ ಸಿ ಭಾಷೆಯ ಮಾನಕಗಳು ಹಲವು ಎಂಬುದನ್ನು ನೆನೆಯೋಣ. 1989ರ ಮಾನಕದಲ್ಲಿ ಬೂಲ್ ಇರಲಿಲ್ಲ. 1999ರ ಮಾನಕ ಅದನ್ನು 'ಎಸ್‌ಟಿಡಿ ಬೂಲ್' ಎಂಬ ಹೆಡರ್ ಕಡತದ ಮೂಲಕ ಒದಗಿಸಿತು. ಸಿ23ರಲ್ಲಿ ಅದು ಭಾಷೆಯದೇ ಪದವಾಯಿತು.

ಈ ವ್ಯತ್ಯಾಸವನ್ನು ನಿಭಾಯಿಸುವುದು ಪ್ರೀಪ್ರೊಸೆಸರ್. ಅದು ಪ್ರೋಗ್ರಾಮನ್ನು ಮೊದಲೇ ಓದಿ, ಷರತ್ತಿಗೆ ಒಪ್ಪಿದ ಭಾಗವನ್ನಷ್ಟೇ ಮುಂದಿನ ಹಂತಕ್ಕೆ ಕಳುಹಿಸುತ್ತದೆ. 'ಎಸ್‌ಟಿಡಿಸಿ ವರ್ಷನ್' ಎಂಬ ಮ್ಯಾಕ್ರೊ ಮಾನಕದ ವರ್ಷ, ತಿಂಗಳುಗಳನ್ನು ಸಂಖ್ಯೆಯಾಗಿ ತಿಳಿಸುತ್ತದೆ: ಸಿ99ಕ್ಕೆ 199901, ಸಿ11ಕ್ಕೆ 201112, ಸಿ23ಕ್ಕೆ 202311. 'ಹ್ಯಾಶ್ ಇಫ್' ಸಾಲಿನಲ್ಲಿ ಆ ಸಂಖ್ಯೆ 199901 ಅಥವಾ ಅದಕ್ಕಿಂತ ಹೆಚ್ಚೇ ಎಂದು ಕೇಳಬೇಕು. ಹೌದಾದರೆ ಹೆಡರ್ ಸೇರಲಿ. 'ಹ್ಯಾಶ್ ಎಲ್ಸ್' ಕೆಳಗೆ ಬೂಲ್, ಟ್ರೂ, ಫಾಲ್ಸ್ ಪದಗಳನ್ನು ನಾವೇ ವ್ಯಾಖ್ಯಾನಿಸೋಣ. 'ಹ್ಯಾಶ್ ಎಂಡ್‌ಇಫ್' ಬರೆದು ಮುಗಿಸೋಣ. 1989ರ ಕಂಪೈಲರಿಗೆ ಆ ಮ್ಯಾಕ್ರೊ ತಿಳಿಯದು. ಆದರೆ ಅರಿಯದ ಹೆಸರನ್ನು ಈ ಷರತ್ತು 0 ಎಂದೇ ಎಣಿಸುವುದರಿಂದ, ಅದು ತಾನಾಗಿ ಎಲ್ಸ್ ಭಾಗವನ್ನು ಹಿಡಿಯುತ್ತದೆ.

ಒಂದು ಎಚ್ಚರಿಕೆ: ಇಂಥ ಷರತ್ತುಗಳು ಪ್ರೋಗ್ರಾಮಿನ ತುಂಬ ಚದುರಿದರೆ ಓದುವುದೇ ಕಷ್ಟ. ಅವನ್ನು ಒಂದೇ ಹೆಡರ್ ಕಡತದಲ್ಲಿ ಸೇರಿಸಿಡಲು ಕಲಿಸಿರಿ.

ಅಂಕ ಕಳೆಯುವ ಮುನ್ನ, ಇದನ್ನು ಯಾವ ಮಾನಕಕ್ಕೆ ಬರೆದೆ ಎಂದು ಮಗುವನ್ನೇ ಕೇಳಿರಿ. ನಿಜವಾದ ಪಾಠ ಅಲ್ಲಿಂದಲೇ ಆರಂಭವಾಗುತ್ತದೆ.