ನೋವಿಲ್ಲದ ದವಡೆ ಊತ: ಹಲ್ಲು ಕೀಳಿಸಿದ್ರೆ ಮುಗಿಯಲ್ಲ

ಇವತ್ತಿನ ವಿಷಯ, ಬಹಳ ಜನ ಹೆಸರೂ ಕೇಳಿರದ ಒಂದು ಗಡ್ಡೆ: ಅಮೆಲೋಬ್ಲಾಸ್ಟೋಮಾ. ನಾನು ಓದಿದ್ದು ಬಿ.ಕಾಂ., ಡಾಕ್ಟರ್ ಅಲ್ಲ. ಹಾಗಾಗಿ ಇದು ಚಿಕಿತ್ಸೆಯ ಸಲಹೆ ಅಲ್ಲ. ಡಾಕ್ಟರ್ ಮುಂದೆ ಕೂತಾಗ ಏನು ಕೇಳಬೇಕು ಅನ್ನೋ ತಯಾರಿ ಅಷ್ಟೆ.

ಹಲ್ಲಿನ ಮೇಲೆ ಗಟ್ಟಿಯಾದ ಬಿಳಿ ಪದರ ಇರುತ್ತಲ್ಲ, ಎನಾಮಲ್? ಹಲ್ಲು ರೂಪುಗೊಳ್ಳುವಾಗ ಅದನ್ನು ಕಟ್ಟೋ ಜೀವಕೋಶಗಳ ಗುಂಪಿನ ಕೆಲವು ದವಡೆಯೊಳಗೇ ಉಳಿದುಬಿಡುತ್ತವೆ. ಅಪರೂಪಕ್ಕೆ ಅವು ಬೆಳೆಯೋಕೆ ಶುರುವಾದಾಗ ಈ ಗಡ್ಡೆ ಆಗುತ್ತೆ. ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ, ವಿಸ್ಡಮ್ ಟೂತ್ ಆಸುಪಾಸಿನಲ್ಲಿ. ಯುವಕರಲ್ಲೂ ಬರುತ್ತೆ.

ತೊಂದರೆ ಏನಂದ್ರೆ, ಮೊದಮೊದಲು ಇದು ಸಾಮಾನ್ಯವಾಗಿ ನೋಯೋದೇ ಇಲ್ಲ. ಮೆಲ್ಲಗೆ ಕೆನ್ನೆ ದಪ್ಪ ಆಗುತ್ತೆ, ಹಲ್ಲು ಅಲ್ಲಾಡುತ್ತೆ ಅಥವಾ ಜಾಗ ಬಿಡುತ್ತೆ. ನಾವು ಹಲ್ಲು ಕೀಳಿಸಿ, ಮಾತ್ರೆ ನುಂಗಿ ಸುಮ್ಮನಾಗ್ತೀವಿ. ಒಳಗೆ ಮೂಳೆ ಸವೀತಾ ಇರುತ್ತೆ.

ಪತ್ತೆ ಹೇಗೆ? ಮೊದಲು ಓಪಿಜಿ, ಅಂದ್ರೆ ಎರಡೂ ದವಡೆ ಪೂರ್ತಿ ಕಾಣೋ ಎಕ್ಸ್‌ರೇ. ಅದರಲ್ಲಿ ಕೆಲವೊಮ್ಮೆ ಸೋಪಿನ ಗುಳ್ಳೆಗಳು ಒತ್ತೊತ್ತಾಗಿ ಕೂತ ಹಾಗೆ ಕಾಣುತ್ತೆ. ಆದ್ರೆ ದವಡೆಯ ಬೇರೆ ಸಿಸ್ಟ್‌ಗಳೂ ಹೀಗೇ ಕಾಣಬಹುದು. ಚಿತ್ರ ಅನುಮಾನ ಹುಟ್ಟಿಸುತ್ತೆ, ಹೆಸರು ಹೇಳೋದು ಬಯಾಪ್ಸಿ. ಗಡ್ಡೆ ಎಲ್ಲಿವರೆಗೆ ಹಬ್ಬಿದೆ ಅಂತ ನೋಡೋಕೆ ಸಿಟಿ ಸ್ಕ್ಯಾನ್.

‘ಚುಚ್ಚಿದ್ರೆ ಕ್ಯಾನ್ಸರ್ ಆಗುತ್ತೆ’ ಅಂತ ಮನೆಯ ಹಿರಿಯರು ಹೆದರೋದುಂಟು. ಆಗಲ್ಲ. ಒಂದು ತುಣುಕು ತೆಗೆದು ಪರೀಕ್ಷಿಸಿದ ಮಾತ್ರಕ್ಕೆ ಈ ಗಡ್ಡೆ ಕ್ಯಾನ್ಸರ್ ಆಗಿ ಬದಲಾಗಲ್ಲ.

ಇನ್ನು ರಿಪೋರ್ಟ್. ‘ಕ್ಯಾನ್ಸರ್ ಅಲ್ಲ’ ಅಂತ ಕೇಳಿದ ತಕ್ಷಣ ‘ಹಾಗಾದ್ರೆ ಕೆರೆದು ತೆಗೆದುಬಿಡಿ ಸಾರ್’ ಅಂತೀವಿ. ಇಲ್ಲೇ ಎಚ್ಚರ ಬೇಕು. ಸಾಮಾನ್ಯ ಬಗೆಯ ಅಮೆಲೋಬ್ಲಾಸ್ಟೋಮಾ, ಕಣ್ಣಿಗೆ ಕಾಣೋ ಅಂಚು ದಾಟಿ ಮೂಳೆಯ ಸಂದಿಗಳೊಳಗೆ ಇಳಿದಿರುತ್ತೆ. ಬರೀ ಕೆರೆದ್ರೆ ಮತ್ತೆ ಬರೋ ಸಾಧ್ಯತೆ ಜಾಸ್ತಿ, ಎಷ್ಟೋ ವರ್ಷ ಆದ್ಮೇಲೂ. ಅದಕ್ಕೇ ಸುತ್ತಲಿನ 1ರಿಂದ 2 ಸೆಂಟಿಮೀಟರ್ ಮೂಳೆಯನ್ನೂ ಸೇರಿಸಿ ತೆಗೀತಾರೆ. ಒಂದೇ ಚೀಲದಂತಿರೋ ಕೆಲವು ಬಗೆಗಳಿಗೆ ಚಿಕ್ಕ ಸರ್ಜರಿ ಸಾಕಾಗಬಹುದು. ಲೆಕ್ಕ ಓದಿದವನಾಗಿ ಹೇಳ್ತೀನಿ: ಅಗ್ಗ ಅಂತ ಆರಿಸಿದ ಸರ್ಜರಿ ಎರಡು ಸಲ ಮಾಡಿಸಿದ್ರೆ ಅಗ್ಗ ಅಲ್ಲ.

ತೆಗೆದ ಮೂಳೆಯ ಜಾಗಕ್ಕೆ ಕಾಲಿನ ಫಿಬುಲಾ ಮೂಳೆಯ ತುಂಡನ್ನು ರಕ್ತನಾಳ ಸಮೇತ ತಂದು ಜೋಡಿಸಬಹುದು. ಮುಂದೆ ಅದರ ಮೇಲೇ ಹಲ್ಲಿನ ಇಂಪ್ಲಾಂಟ್ ಕೂಡ ಸಾಧ್ಯ. 2014ರಲ್ಲಿ ಈ ಗಡ್ಡೆಗಳಲ್ಲಿ ಬಿಆರ್‌ಎಎಫ್ ಅನ್ನೋ ಜೀನ್‌ನ ಬದಲಾವಣೆ ಪತ್ತೆಯಾಯ್ತು. ಅದಕ್ಕೆ ತಕ್ಕ ಮಾತ್ರೆಗಳನ್ನು ಕೆಲವು ರೋಗಿಗಳ ಮೇಲೆ ಪ್ರಯೋಗಿಸಿದ್ದಾರೆ. ಆದರೂ ಮುಖ್ಯ ಚಿಕಿತ್ಸೆ ಇವತ್ತಿಗೂ ಸರ್ಜರಿಯೇ.

ಮೂರು ಪ್ರಶ್ನೆ ಫೋನಲ್ಲಿ ಬರೆದಿಟ್ಕೊಳ್ಳಿ. ಓಪಿಜಿ ಬೇಕಾ? ಬಯಾಪ್ಸಿಯಲ್ಲಿ ಯಾವ ಬಗೆ ಅಂತ ಬಂದಿದೆ? ಸರ್ಜರಿ ಆದ್ಮೇಲೆ ಎಷ್ಟು ವರ್ಷ ಚೆಕಪ್‌ಗೆ ಬರಬೇಕು? ಎರಡು ವಾರ ಆದ್ರೂ ಇಳಿಯದ ಊತ ಇದ್ರೆ, ನೋವಿಲ್ಲ ಅಂತ ಕಾಯಬೇಡಿ. ಮುಂದಿನ ವಾರ ಸಿಗೋಣ.